ರೂಪ ಮೊದಲೋ, ನಾನು ಮೊದಲೋ: ಹದಿಹರೆಯದ ಹುಡುಗಿಯರ ಜೊತೆ ನಾನು ಕೆಲಸ ಮಾಡುವ ಬಗೆ

ನಾನು ಶಾಲೆಯಲ್ಲಿ ಕೌನ್ಸೆಲರ್. ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ 12ರಿಂದ 17 ವರ್ಷದ ಹುಡುಗಿಯರು. "ನನಗೆ ನನ್ನ ಮುಖ ಇಷ್ಟ ಇಲ್ಲ" ಅಂತ ಹೇಳಿಕೊಂಡು ಯಾರೂ ಬರುವುದಿಲ್ಲ. ಓದೋಕೆ ಮನಸ್ಸಿಲ್ಲ, ರಾತ್ರಿ ನಿದ್ದೆ ಬರಲ್ಲ, ಗೆಳತಿ ಮಾತು ಬಿಟ್ಟಿದ್ದಾಳೆ, ಕ್ಲಾಸಲ್ಲಿ ಎದ್ದು ನಿಂತು ಉತ್ತರ ಹೇಳೋಕಾಗಲ್ಲ, ಹೀಗೆ ಶುರುವಾಗುತ್ತದೆ. ಯಾಕೆ ಎದ್ದು ನಿಲ್ಲೋಕಾಗಲ್ಲ ಅಂತ ನಿಧಾನವಾಗಿ ಕೇಳುತ್ತಾ ಹೋದರೆ, ಎದ್ದು ನಿಂತ ಕೂಡಲೇ ಎಲ್ಲರೂ ತನ್ನ ಮೂಗನ್ನೇ ನೋಡುತ್ತಾರೆ, ಗಲ್ಲದ ಮೊಡವೆಯನ್ನೇ ನೋಡುತ್ತಾರೆ ಅನ್ನುವ ಮಾತು ಕೊನೆಗೆ ಹೊರಗೆ ಬರುತ್ತದೆ.

ಹುಡುಗಿಗೆ ಒಟ್ಟಾರೆ ತನ್ನ ಬಗ್ಗೆ ಏನನಿಸುತ್ತದೆ ಅನ್ನುವುದು ಒಂದು. ತನ್ನ ರೂಪದ ಬಗ್ಗೆ ಏನನಿಸುತ್ತದೆ ಅನ್ನುವುದು ಇನ್ನೊಂದು. ಈ ವಯಸ್ಸಿನಲ್ಲಿ ಇವೆರಡೂ ಗಂಟು ಬಿದ್ದಿರುತ್ತವೆ. ಆ ಗಂಟನ್ನು ಸಡಿಲ ಮಾಡುವುದೇ ನನ್ನ ಕೆಲಸ ಅಂದುಕೊಂಡಿದ್ದೇನೆ. ಅದನ್ನು ಹೇಗೆ ಮಾಡುತ್ತೇನೆ ಅಂತ ಬರೆಯುತ್ತಿದ್ದೇನೆ. ಶಿಕ್ಷಕರಿಗೆ, ಅಪ್ಪ ಅಮ್ಮಂದಿರಿಗೆ ಉಪಯೋಗಕ್ಕೆ ಬಂದರೆ ಸಂತೋಷ.

ಮೊದಲ ಸಲ ಬಂದಾಗ ನಾನು ರೂಪದ ಮಾತೇ ಎತ್ತುವುದಿಲ್ಲ. ಹತ್ತು ವಾಕ್ಯಗಳಿರುವ ಒಂದು ಹಾಳೆ ಕೊಡುತ್ತೇನೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರಿಸ್ ರೋಸೆನ್‌ಬರ್ಗ್, ನ್ಯೂಯಾರ್ಕ್ ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಹೈಸ್ಕೂಲ್ ಮಕ್ಕಳ ಜೊತೆ ಕೆಲಸ ಮಾಡಿ, 1965ರಲ್ಲಿ ಪ್ರಕಟಿಸಿದ ಅಳತೆ ಅದು. ನನ್ನಲ್ಲಿ ಒಳ್ಳೆಯ ಗುಣಗಳಿವೆ, ಬೇರೆಯವರಷ್ಟೇ ನನಗೂ ಬೆಲೆ ಇದೆ, ಕೆಲವು ಸಲ ನಾನು ಯಾವುದಕ್ಕೂ ಬಾರದವಳು ಅನಿಸುತ್ತದೆ, ಇಂಥ ವಾಕ್ಯಗಳು. ಐದು ತನ್ನ ಪರವಾಗಿ, ಐದು ತನ್ನ ವಿರುದ್ಧ. 'ಪೂರ್ತಿ ಒಪ್ಪುತ್ತೇನೆ' ಅನ್ನುವುದರಿಂದ 'ಸ್ವಲ್ಪವೂ ಒಪ್ಪುವುದಿಲ್ಲ' ಅನ್ನುವ ತನಕ ನಾಲ್ಕು ಉತ್ತರ. ಒಂದಕ್ಕೆ ಗುರುತು ಹಾಕಬೇಕು, ಅಷ್ಟೇ.

ಈ ಹತ್ತರಲ್ಲಿ ಮುಖ, ಮೈಬಣ್ಣ, ತೂಕ ಅನ್ನುವ ಮಾತು ಒಂದೂ ಇಲ್ಲ. ಅದಕ್ಕೇ ನನಗೆ ಈ ಹಾಳೆ ಇಷ್ಟ. ಗುರುತು ಹಾಕಿ ಮುಗಿಸಿದ ಮೇಲೆ ಒಂದೆರಡು ವಾಕ್ಯ ತೋರಿಸಿ, "ಇದಕ್ಕೆ ಯಾಕೆ ಹೀಗೆ ಹಾಕಿದೆ, ಹೇಳ್ತೀಯಾ?" ಅಂತ ಕೇಳುತ್ತೇನೆ. ಹೆಮ್ಮೆಪಡುವಂಥದ್ದು ನನ್ನಲ್ಲಿ ಜಾಸ್ತಿ ಏನೂ ಇಲ್ಲ ಅನ್ನುವ ವಾಕ್ಯವನ್ನು ಪೂರ್ತಿ ಒಪ್ಪಿದ್ದ ಒಬ್ಬ ಹುಡುಗಿ, ಗಣಿತದಲ್ಲಿ ಕ್ಲಾಸಿಗೇ ಮುಂದಿರುವವಳು, "ಮಾರ್ಕ್ಸ್ ಎಷ್ಟು ಬಂದ್ರೇನು ಮೇಡಂ, ಫೋಟೋದಲ್ಲಿ ನಾನು ಹೇಗಿರ್ತೀನಿ ಅಂತ ನಂಗೊತ್ತಲ್ವಾ" ಅಂದಳು. ನಾನು ಫೋಟೋ ಬಗ್ಗೆ ಕೇಳಿರಲೇ ಇಲ್ಲ. ಹೆಮ್ಮೆಯ ಪ್ರಶ್ನೆಗೆ ಅವಳು ತಾನಾಗಿಯೇ ರೂಪದ ಉತ್ತರ ಕೊಟ್ಟಿದ್ದಳು. ಹೀಗಾದಾಗ ಗಂಟು ಎಲ್ಲಿದೆ ಅಂತ ನನಗೆ ಗೊತ್ತಾಗುತ್ತದೆ. ರೂಪದ ಬಗ್ಗೆ ಮೊದಲೇ ಕೇಳಿಬಿಟ್ಟರೆ ಉಳಿದೆಲ್ಲ ಉತ್ತರಕ್ಕೂ ಅದರ ಬಣ್ಣ ಹತ್ತುತ್ತದೆ. ಹಾಗಾಗಿ ಈ ಕ್ರಮವನ್ನು ನಾನು ಬಿಡುವುದಿಲ್ಲ.

ಅಂದಹಾಗೆ, ಈ ಹಾಳೆಯ ಉತ್ತರಗಳಿಂದ ಬರುವ ಅಂಕೆ ಇಟ್ಟುಕೊಂಡು ನಾನು ಯಾರಿಗೂ ಕಾಯಿಲೆಯ ಹೆಸರು ಹೇಳುವುದಿಲ್ಲ. ಮಾತು ಶುರು ಮಾಡೋಕೆ ಅದು ಬೇಕು, ಅಷ್ಟೇ. ರೋಸೆನ್‌ಬರ್ಗ್ ಅವರ ವಿಚಾರದಲ್ಲಿ ನನಗೆ ತುಂಬ ಹಿಡಿಸಿದ್ದು ಒಂದಿದೆ. ತನ್ನ ಬಗ್ಗೆ ಒಳ್ಳೆಯ ಭಾವನೆ ಇರುವವಳು ತಾನು ಎಲ್ಲರಿಗಿಂತ ಮೇಲು ಅಂದುಕೊಂಡಿರಬೇಕಿಲ್ಲ, ನಾನಿರುವುದು ಸಾಕಷ್ಟು ಚೆನ್ನಾಗಿದೆ ಅನಿಸಿದರೆ ಸಾಕು. ಈ ಅಳತೆ ಹುಡುಗಿಯರಿಗೂ ಹಗುರ ಅನಿಸುತ್ತದೆ. ಎಲ್ಲರಿಗಿಂತ ಮೇಲಾಗಬೇಕು ಅನ್ನುವ ಒತ್ತಡ ಅವರಿಗೆ ಈಗಾಗಲೇ ಬೇಕಾದಷ್ಟಿದೆ.

ಮುಂದಿನ ಸಲ ಇನ್ನೊಂದು ಹಾಳೆ. ಇದು ನಾನೇ ಮಾಡಿಕೊಂಡಿದ್ದು. ಎಡಗಡೆ ಕೂದಲು, ಚರ್ಮ, ಎತ್ತರ, ತೂಕ, ಮೂಗು, ಹಲ್ಲು, ಎದೆ, ಸೊಂಟ, ತೊಡೆ, ಒಟ್ಟು ಮುಖ ಅಂತ ಬರೆದಿರುತ್ತದೆ. ಅದರ ಮುಂದೆ ಎರಡು ಕಾಲಂ. ಇದು ನನಗೆ ಎಷ್ಟು ಇಷ್ಟ ಅನ್ನುವುದು ಮೊದಲನೆಯದು. ಇದರ ಯೋಚನೆ ದಿನಕ್ಕೆ ಎಷ್ಟು ಸಲ ಬರುತ್ತದೆ ಅನ್ನುವುದು ಎರಡನೆಯದು. ನನಗೆ ಮುಖ್ಯ ಎರಡನೇ ಕಾಲಂ. ತನ್ನ ಮೂಗು ಇಷ್ಟವಿಲ್ಲದ ಹುಡುಗಿ ಅದನ್ನು ಮರೆತು ಆರಾಮಾಗಿ ಆಡಿಕೊಂಡಿರಬಹುದು. ನೋಡಿದವರೆಲ್ಲ ಚೆಂದ ಅನ್ನುವ ಹುಡುಗಿ, ಚೆಂದ ಎಲ್ಲಿ ಹೋಗಿಬಿಡುತ್ತದೋ ಅಂತ ಅರ್ಧ ಗಂಟೆಗೊಮ್ಮೆ ಫೋನಿನ ಕ್ಯಾಮೆರಾದಲ್ಲಿ ಮುಖ ನೋಡಿಕೊಳ್ಳುತ್ತಿರಬಹುದು. ದೇಹದ ಬಗೆಗಿನ ಭಾವನೆಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಥಾಮಸ್ ಕ್ಯಾಶ್ ಇವೆರಡನ್ನೂ ಬೇರೆ ಬೇರೆ ಇಟ್ಟೇ ನೋಡುತ್ತಿದ್ದರು: ರೂಪವನ್ನು ಹೇಗೆ ತೂಗುತ್ತೇವೆ, ರೂಪದ ಮೇಲೆ ಎಷ್ಟು ಮನಸ್ಸು ಸುರಿಯುತ್ತೇವೆ. ನನ್ನ ಅನುಭವದಲ್ಲಿ ಹುಡುಗಿಯರನ್ನು ಸುಸ್ತು ಮಾಡುವುದು ಈ ಎರಡನೆಯದೇ.

ಇನ್ನು ನನ್ನ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಇದನ್ನು ಕಲಿತದ್ದು ಮನಃಶಾಸ್ತ್ರಜ್ಞೆ ಸೂಸನ್ ಹಾರ್ಟರ್ ಅವರಿಂದ. ಮಕ್ಕಳು ಓದು, ಆಟ, ಗೆಳೆತನ, ನಡತೆ, ರೂಪ ಇಂಥ ಬೇರೆ ಬೇರೆ ವಿಷಯದಲ್ಲಿ ತಮ್ಮನ್ನು ಹೇಗೆ ಅಳೆದುಕೊಳ್ಳುತ್ತಾರೆ ಅಂತ 1980ರ ದಶಕದಲ್ಲಿ ಪ್ರಶ್ನಾವಳಿಗಳನ್ನು ಮಾಡಿದವರು ಅವರು. ಒಟ್ಟಾರೆ ತನಗೆ ಎಷ್ಟು ಬೆಲೆ ಇದೆ ಅನ್ನುವ ಭಾವನೆಯ ಜೊತೆ ಎಲ್ಲಕ್ಕಿಂತ ಗಟ್ಟಿಯಾಗಿ ಅಂಟಿಕೊಂಡಿದ್ದು ರೂಪ. ಓದಿಗಿಂತ ಜಾಸ್ತಿ, ಗೆಳೆತನಕ್ಕಿಂತಲೂ ಜಾಸ್ತಿ. ಹುಡುಗರಲ್ಲೂ ಇದು ಹೀಗೇ ಇದೆ. ಆದರೆ ತಮ್ಮ ರೂಪಕ್ಕೆ ತಾವು ಕೊಡುವ ಅಂಕೆ ಈ ವಯಸ್ಸಲ್ಲಿ ಹುಡುಗಿಯರದ್ದೇ ಕಡಿಮೆ.

ಹಾರ್ಟರ್ ಅಲ್ಲಿಗೇ ನಿಲ್ಲಿಸಲಿಲ್ಲ. ಯಾವುದು ಮೊದಲು ಅಂತ ಮಕ್ಕಳನ್ನೇ ಕೇಳಿದರು. ನನ್ನ ರೂಪ ಹೇಗಿದೆ ಅನ್ನುವುದರ ಮೇಲೆ ನಾನು ನನಗೆ ಇಷ್ಟವಾಗುತ್ತೇನೆಯೇ, ಇಲ್ಲ ನಾನು ನನಗೆ ಇಷ್ಟವಾದರೆ ನನ್ನ ರೂಪವೂ ಸರಿ ಕಾಣುತ್ತದೆಯೇ? ರೂಪವೇ ಮೊದಲು ಅಂದ ಹುಡುಗಿಯರಲ್ಲಿ ತಮ್ಮ ರೂಪದ ಬಗೆಗೂ ಬೇಸರ ಜಾಸ್ತಿ, ತಮ್ಮ ಬಗೆಗಿನ ಒಟ್ಟು ಭಾವನೆಯೂ ಕೆಳಗೆ, ಮನಸ್ಸಿಗೆ ಕವಿದ ಮಂಕೂ ಜಾಸ್ತಿ ಅಂತ ಕಂಡಿತು. ಯಾವುದರಿಂದ ಯಾವುದು ಆಯಿತು ಅನ್ನುವುದಕ್ಕೆ ಇದರಿಂದ ಉತ್ತರ ಸಿಗುವುದಿಲ್ಲ. ಮಂಕಾಗಿರುವ ಹುಡುಗಿಗೆ ಕನ್ನಡಿಯೂ ಮಂಕಾಗಿಯೇ ಕಾಣಬಹುದು. ಆದರೂ ನನಗೆ ಕೈ ಹಾಕೋಕೆ ಒಂದು ಜಾಗ ಸಿಕ್ಕಿತು.

ನಾನು ಆ ಎರಡು ವಾಕ್ಯಗಳನ್ನು ಕಾಗದದ ಎರಡು ಚೂರಿನ ಮೇಲೆ ಬರೆದು ಮೇಜಿನ ಮೇಲಿಡುತ್ತೇನೆ. ಒಂದನ್ನು ಎತ್ತಿಕೋ ಅನ್ನುತ್ತೇನೆ. ತುಂಬ ಹುಡುಗಿಯರು ಯೋಚನೆಯನ್ನೂ ಮಾಡದೆ ಮೊದಲನೆಯದನ್ನು ಎತ್ತುತ್ತಾರೆ. ನಾನು ವಾದ ಮಾಡುವುದಿಲ್ಲ. "ಸರಿ, ನಿಜವಾ ಅಂತ ನೋಡೋಣ" ಅಂದು ಒಂದು ಸಣ್ಣ ನೋಟ್‌ಬುಕ್ ಕೊಡುತ್ತೇನೆ. ದಿನಕ್ಕೆ ಮೂರು ಸಲ, ಈಗ ನನ್ನ ಮುಖ ನನಗೆ ಎಷ್ಟು ಇಷ್ಟ ಅಂತ ಹತ್ತಕ್ಕೆ ಒಂದು ಅಂಕೆ, ಪಕ್ಕದಲ್ಲಿ ಅದಕ್ಕೆ ಮುಂಚೆ ಏನಾಯಿತು ಅಂತ ಒಂದು ಸಾಲು. ಬೇರೆ ಏನೂ ಬೇಡ.

14 ವರ್ಷದ ಒಬ್ಬ ಹುಡುಗಿ ಇದ್ದಳು. ಎಡಗೆನ್ನೆ ಮೇಲೆ ಮೊಡವೆ. ಆ ಕಡೆಯ ಕೂದಲನ್ನು ಯಾವಾಗಲೂ ಮುಂದಕ್ಕೆ ಎಳೆದುಕೊಂಡೇ ಕೂರುತ್ತಿದ್ದಳು. ಎಡಗೆನ್ನೆ ಮರೆಯಾಗುವ ಕಡೆಯ ಕುರ್ಚಿ ಸಿಗದಿದ್ದರೆ ನಿಂತೇ ಇರುತ್ತಿದ್ದಳು, ಅಷ್ಟು. ನೋಟ್‌ಬುಕ್ ತಂದಾಗ ಒಂದು ದಿನದ ಪುಟದಲ್ಲಿ ಹೀಗಿತ್ತು: ಬೆಳಿಗ್ಗೆ 3, "ಅಕ್ಕ ಕನ್ನಡಿ ಮುಂದಿಂದ ಸರಿ ಅಂದ್ಲು". ಮಧ್ಯಾಹ್ನ 7, "ಡ್ರಾಯಿಂಗ್ ಕ್ಲಾಸಲ್ಲಿ ಕುದುರೆ ಬರೆದೆ, ಎಲ್ರೂ ಬಂದು ನೋಡಿದ್ರು". ರಾತ್ರಿ 2, "ಗ್ರೂಪಲ್ಲಿ ಫೋಟೋ ಹಾಕಿದ್ರು, ನನ್ನನ್ನ ಕಟ್ ಮಾಡಿದ್ರು". ನಾನು ಏನೂ ವಿವರಿಸಲಿಲ್ಲ. "ಮಧ್ಯಾಹ್ನ ಮೊಡವೆ ಎಲ್ಲಿ ಹೋಗಿತ್ತು?" ಅಂತ ಮಾತ್ರ ಕೇಳಿದೆ. ಪುಟವನ್ನೇ ಸ್ವಲ್ಪ ಹೊತ್ತು ನೋಡಿ, "ಇತ್ತು. ಅಲ್ಲೇ ಇತ್ತು" ಅಂದಳು. ಆಮೇಲೆ ತಾನೇ ಹಿಂದಿನ ಪುಟಗಳನ್ನೆಲ್ಲ ತಿರುವಿ, ಯಾವ ಯಾವ ದಿನ ಹೀಗಾಗಿದೆ ಅಂತ ಬೆರಳಿಟ್ಟು ತೋರಿಸೋಕೆ ಶುರು ಮಾಡಿದಳು. ಮುಖ ಒಂದೇ, ಅಂಕೆ ಮಾತ್ರ ಕುಣಿಯುತ್ತಿದೆ. ಅಂಕೆ ಕುಣಿಸುತ್ತಿರುವುದು ಸೇರಿಸಿಕೊಂಡರಾ, ಬಿಟ್ಟರಾ, ಕೈಯಲ್ಲಿ ಏನಾದರೂ ಒಳ್ಳೆಯದಾಯಿತಾ ಅನ್ನುವ ಸಂಗತಿಗಳು. ಇದನ್ನು ನಾನು ಬಾಯಲ್ಲಿ ಹೇಳಿದ್ದರೆ ಅವಳು ತಲೆ ಆಡಿಸಿ ಹೊರಗೆ ಹೋಗಿರುತ್ತಿದ್ದಳು. ತನ್ನ ಅಕ್ಷರದಲ್ಲೇ ಕಂಡಿದ್ದರಿಂದ ನಂಬಿದಳು.

ಎಲ್ಲರಿಗೂ ಹೀಗೆ ಆಗುವುದಿಲ್ಲ. ಕೆಲವರ ಪುಟದಲ್ಲಿ ಎಲ್ಲ ಹೊತ್ತೂ 2, 2, 3 ಅಂತಲೇ ಇರುತ್ತದೆ. ಆಗ ನಾನು ರೂಪವನ್ನು ಬಿಟ್ಟು ನಿದ್ದೆ, ಮನೆ, ಮನಸ್ಸಿನ ಬೇಸರದ ಬಗ್ಗೆ ಕೇಳುತ್ತೇನೆ. ಮುಖದ ಅಂಕೆ ಯಾವತ್ತೂ ಮೇಲೇಳದಿದ್ದರೆ ಸಮಸ್ಯೆ ಮುಖಕ್ಕಿಂತ ಆಳದಲ್ಲಿ ಇರುವುದೇ ಜಾಸ್ತಿ.

ಈ ವಯಸ್ಸಿನ ದೇಹದ ಬಗ್ಗೆ ಮಾಹಿತಿ ಕೊಡುವುದೂ ದೊಡ್ಡ ಸಹಾಯ. ಮುಟ್ಟು ಶುರುವಾಗುವ ಹೊತ್ತಿನಲ್ಲಿ ಹುಡುಗಿಯ ದೇಹದಲ್ಲಿ ಕೊಬ್ಬಿನ ಪಾಲು ಏರುತ್ತದೆ. ಸೊಂಟ, ತೊಡೆ, ಎದೆ ತುಂಬಿಕೊಳ್ಳುತ್ತವೆ, ತೂಕ ಹೆಚ್ಚಲೇಬೇಕು. ಎತ್ತರ ರಭಸವಾಗಿ ಬೆಳೆಯುವುದು ಸಾಮಾನ್ಯವಾಗಿ ಮೊದಲ ಮುಟ್ಟಿಗೂ ಮುಂಚೆ. ಮೊಡವೆ 12ರಿಂದ 24ರ ನಡುವಿನ ಹೆಚ್ಚುಕಮ್ಮಿ ಎಲ್ಲರಿಗೂ ಒಂದಲ್ಲ ಒಂದು ಹೊತ್ತಲ್ಲಿ ಬರುತ್ತದೆ. ಅದು ಹಾರ್ಮೋನಿನ ಕೆಲಸ, ಕೊಳಕಿನದ್ದಲ್ಲ, ಜಾಸ್ತಿ ಇದ್ದರೆ ಚರ್ಮದ ಡಾಕ್ಟರ ಹತ್ತಿರ ಔಷಧವೂ ಇದೆ. ಗೆಳತಿಯರಿಗಿಂತ ಬೇಗ ಬೆಳೆದ ಹುಡುಗಿಯರ ಮೇಲೆ ನಾನು ವಿಶೇಷ ಗಮನ ಇಡುತ್ತೇನೆ. ಹತ್ತು, ಹನ್ನೊಂದಕ್ಕೇ ದೊಡ್ಡವಳ ಹಾಗೆ ಕಾಣುವ ಮಗುವನ್ನು ಜನ ದೊಡ್ಡವಳ ಹಾಗೇ ನೋಡುತ್ತಾರೆ. ಒಳಗೆ ಅವಳಿನ್ನೂ ಮಗುವೇ. ಆ ನೋಟವನ್ನು ಏನು ಮಾಡಬೇಕು ಅಂತ ಅವಳಿಗೆ ಗೊತ್ತಿರುವುದಿಲ್ಲ. ಬೆನ್ನು ಬಗ್ಗಿಸಿ ನಡೆಯೋಕೆ ಶುರು ಮಾಡುತ್ತಾಳೆ.

ಎಲ್ಲರೂ ನನ್ನನ್ನೇ ನೋಡುತ್ತಾರೆ ಅನ್ನುವ ಭಾವನೆಗೂ ಒಂದು ಮಾತು ಹೇಳಬೇಕು. ಮನಃಶಾಸ್ತ್ರಜ್ಞ ಡೇವಿಡ್ ಎಲ್ಕಿಂಡ್ 1967ರಲ್ಲೇ ಇದನ್ನು ಬರೆದರು: ಹದಿಹರೆಯದಲ್ಲಿ ಮಕ್ಕಳು ತಮ್ಮ ತಲೆಯಲ್ಲೇ ಒಂದು ಪ್ರೇಕ್ಷಕರ ಗುಂಪನ್ನು ಕೂರಿಸಿಕೊಂಡಿರುತ್ತಾರೆ ಅಂತ. ಹುಡುಗಿಯರಿಗೆ ನಾನು ಹೇಳುವುದು ಥಾಮಸ್ ಗಿಲೊವಿಚ್ ಮತ್ತು ಜೊತೆಗಾರರು ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿ 2000ದಲ್ಲಿ ಪ್ರಕಟಿಸಿದ ಪ್ರಯೋಗದ ಕಥೆ. ಹಾಕಿಕೊಳ್ಳೋಕೆ ನಾಚಿಕೆಯಾಗುವಂಥ ಚಿತ್ರವಿದ್ದ ಟೀಶರ್ಟ್ ಹಾಕಿಸಿ, ಜನ ಕೂತಿದ್ದ ಕೋಣೆಗೆ ಒಬ್ಬೊಬ್ಬರನ್ನೇ ಕಳಿಸಿದರು. ಎಷ್ಟು ಜನ ಗಮನಿಸಿರಬಹುದು ಅಂತ ಕೇಳಿದರೆ, ಹೆಚ್ಚುಕಮ್ಮಿ ಅರ್ಧದಷ್ಟು ಜನ ಅಂದರು. ನಿಜವಾಗಿ ಗಮನಿಸಿದ್ದು ಕಾಲುಭಾಗದಷ್ಟು ಜನ. ಇದು ಹುಡುಗಿಯರಿಗೆ ತುಂಬ ಇಷ್ಟವಾಗುವ ಕಥೆ. ಯಾಕೆಂದರೆ ಯಾರೂ ನೋಡಲ್ಲ ಅಂತ ಅದು ಸುಳ್ಳು ಹೇಳುವುದಿಲ್ಲ. ನೀನು ಅಂದುಕೊಂಡಷ್ಟು ಜನ ನೋಡಲ್ಲ ಅನ್ನುತ್ತದೆ.

ನಾನು ಮಾಡದೇ ಇರುವ ಕೆಲಸವೂ ಒಂದಿದೆ. "ಯಾರು ಹೇಳಿದ್ದು, ನೀನು ಎಷ್ಟು ಚೆಂದ ಇದ್ದೀಯ" ಅಂತ ನಾನು ಹೇಳುವುದಿಲ್ಲ. ಅಳುತ್ತಾ ಕೂತ ಹುಡುಗಿಗೆ ಅದನ್ನು ಹೇಳದೇ ಇರುವುದು ಕಷ್ಟ, ಬಾಯಿಗೆ ಬಂದುಬಿಡುತ್ತದೆ. ಆದರೆ ಹೇಳಿದರೆ ಏನಾಗುತ್ತದೆ ನೋಡಿ. ಮೊದಲು, ಅವಳು ನಂಬುವುದಿಲ್ಲ, ಸಮಾಧಾನಕ್ಕೆ ಹೇಳ್ತಿದ್ದಾರೆ ಅಂದುಕೊಳ್ಳುತ್ತಾಳೆ. ನಂಬಿದಳು ಅಂತಲೇ ಇಟ್ಟುಕೊಳ್ಳಿ, ಆಗಲೂ ಅವಳ ಬೆಲೆ ರೂಪದ ತಕ್ಕಡಿಯಲ್ಲೇ ಉಳಿಯಿತು, ತಟ್ಟೆ ಈ ಕಡೆ ವಾಲಿತು ಅಷ್ಟೇ. ನಾಳೆ ಇನ್ನೊಬ್ಬರು ಬೇರೆ ಮಾತಾಡಿದರೆ ಆ ಕಡೆ ವಾಲುತ್ತದೆ. ಅದರ ಬದಲು "ಇವತ್ತು ಇದು ಇಷ್ಟು ಕಾಡೋಕೆ ಏನಾಯ್ತು?" ಅಂತ ಕೇಳುತ್ತೇನೆ. ಮಾತು ಮುಖದಿಂದ ದಿನದ ಕಡೆಗೆ ಹೊರಳುತ್ತದೆ.

ಮನೆಯ ಮಾತು ನಾನು ಜಾಸ್ತಿ ಹೊತ್ತು ಕೊಡುವ ವಿಷಯ. ದಪ್ಪ ಆಗ್ತಿದ್ದೀಯ, ಬಿಸಿಲಿಗೆ ಹೋಗಬೇಡ ಕಪ್ಪಾಗ್ತೀಯ, ತಂಗಿ ನೋಡು ಎಷ್ಟು ಲಕ್ಷಣವಾಗಿದ್ದಾಳೆ, ಇಂಥ ಮಾತನ್ನು ದೊಡ್ಡವರು ಪ್ರೀತಿಯಿಂದಲೇ ಆಡುತ್ತಾರೆ. ಮಗಳ ಒಳ್ಳೆಯದಕ್ಕೇ ಅಂದುಕೊಂಡಿರುತ್ತಾರೆ. ಹಾಗಾಗಿ ಅಮ್ಮಂದಿರನ್ನು ಕರೆದು ತಪ್ಪು ಹೊರಿಸಿದರೆ ಏನೂ ಸಿಗುವುದಿಲ್ಲ. ನಾನು ಕೇಳುವುದು ಅವರ ಬಗ್ಗೆಯೇ: "ನೀವು ಈ ವಯಸ್ಸಲ್ಲಿದ್ದಾಗ ನಿಮ್ಮ ರೂಪದ ಬಗ್ಗೆ ಮನೆಯಲ್ಲಿ ಏನು ಹೇಳ್ತಿದ್ರು?" ಮೂವತ್ತು ವರ್ಷದ ಹಿಂದಿನ ಮಾತನ್ನು, ಹೇಳಿದವರು ಎಲ್ಲಿ ನಿಂತಿದ್ದರು ಅನ್ನುವ ಸಮೇತ ಹೇಳುತ್ತಾರೆ. ಒಬ್ಬ ತಾಯಿ ಹೇಳುತ್ತಾ ಹೇಳುತ್ತಾ ನಿಲ್ಲಿಸಿ, "ಇದನ್ನೇ ಮೊನ್ನೆ ನಾನೂ ಅವಳಿಗಂದೆ" ಅಂದರು. ನಾನು ಅವರಿಂದ ಕೇಳಿಕೊಳ್ಳುವುದು ಎರಡೇ. ಮಗಳ ಮೈಕಟ್ಟು, ಬಣ್ಣದ ಬಗ್ಗೆ ಒಳ್ಳೆಯದೂ ಬೇಡ, ಕೆಟ್ಟದ್ದೂ ಬೇಡ, ಸ್ವಲ್ಪ ಕಾಲ ಮಾತೇ ಬೇಡ. ಕನ್ನಡಿ ಮುಂದೆ ನಿಂತು ನಿಮ್ಮ ಹೊಟ್ಟೆ, ನಿಮ್ಮ ಸುಕ್ಕನ್ನು ನೀವು ಬೈದುಕೊಳ್ಳುವುದನ್ನೂ ಅವಳ ಎದುರು ನಿಲ್ಲಿಸಿ. ಮಗಳು ಕಲಿಯುವುದು ಇದರಿಂದಲೇ ಜಾಸ್ತಿ. ಅಪ್ಪಂದಿರಿಗೂ ಇದೇ ಹೇಳುತ್ತೇನೆ, ತಮಾಷೆಗೆ ಇಟ್ಟ ಅಡ್ಡಹೆಸರುಗಳನ್ನು ಬಿಡಿ ಅಂತ.

ಒಂದು ವಿಷಯದಲ್ಲಿ ನಾನು ಗಟ್ಟಿ. ಯಾರಾದರೂ ಹುಡುಗಿಯನ್ನು ಬಣ್ಣಕ್ಕೋ ತೂಕಕ್ಕೋ ಸುಟ್ಟ ಗಾಯದ ಕಲೆಗೋ ಆಡಿಕೊಳ್ಳುತ್ತಿದ್ದರೆ, "ನಿನ್ನ ಮನಸ್ಸನ್ನು ಗಟ್ಟಿ ಮಾಡ್ಕೋ" ಅಂತ ಅವಳಿಗೆ ಪಾಠ ಹೇಳುವುದಿಲ್ಲ. ಅದು ಅವಳ ತಲೆಯೊಳಗಿನ ಸಮಸ್ಯೆಯೇ ಅಲ್ಲ. ಆಡಿಕೊಳ್ಳುವುದನ್ನು ನಿಲ್ಲಿಸಬೇಕಾದವರು ದೊಡ್ಡವರು. ಮೊದಲು ಅದು ನಿಲ್ಲಬೇಕು, ನೋಟ್‌ಬುಕ್ಕು ಹಾಳೆ ಎಲ್ಲ ಆಮೇಲೆ.

ಗುಂಪಿನಲ್ಲಿ ಮಾಡುವ ಕೆಲಸ ಬೇರೆ. ಆರೆಂಟು ಹುಡುಗಿಯರನ್ನು ಕೂರಿಸಿಕೊಂಡು, ಮನಃಶಾಸ್ತ್ರಜ್ಞ ಎರಿಕ್ ಸ್ಟೈಸ್ ಮತ್ತು ಜೊತೆಗಾರರು 2000ದ ಸುಮಾರಿಗೆ ರೂಪಿಸಿದ ಬಗೆಯನ್ನು ಅನುಸರಿಸುತ್ತೇನೆ. ಇದರ ಹಿಂದಿರುವುದು 1957ರಲ್ಲಿ ಲಿಯಾನ್ ಫೆಸ್ಟಿಂಜರ್ ಹೇಳಿದ ವಿಚಾರ: ಬಾಯಲ್ಲಿ ಆಡಿದ್ದಕ್ಕೂ ಮನಸ್ಸಲ್ಲಿ ನಂಬಿದ್ದಕ್ಕೂ ಹೊಂದದಿದ್ದರೆ ಕಸಿವಿಸಿಯಾಗುತ್ತದೆ, ಆ ಕಸಿವಿಸಿ ಕಳೆಯೋಕೆ ನಂಬಿಕೆಯೇ ಸ್ವಲ್ಪ ಸರಿಯುತ್ತದೆ. ಹಾಗಾಗಿ ತೆಳ್ಳಗಿರಬೇಕು, ಬೆಳ್ಳಗಿರಬೇಕು ಅನ್ನುವುದರ ವಿರುದ್ಧ ನಾನು ಭಾಷಣ ಮಾಡುವುದಿಲ್ಲ, ಹುಡುಗಿಯರಿಂದಲೇ ವಾದ ಮಾಡಿಸುತ್ತೇನೆ. ಈ ಆಸೆಯ ಹಿಂದೆ ಬಿದ್ದರೆ ಏನೇನು ಕಳೆದುಕೊಳ್ಳುತ್ತೇವೆ ಅಂತ ಪಟ್ಟಿ ಮಾಡುತ್ತಾರೆ. ಸಮಯ, ದುಡ್ಡು, ನಿದ್ದೆ, ಊಟದ ಖುಷಿ, ಈಜು ಅಂತ ಬರೆಯುತ್ತಾರೆ. ಆಮೇಲೆ ತಮಗಿಂತ ಚಿಕ್ಕ ಹುಡುಗಿಗೊಂದು ಪತ್ರ. ಅದರಲ್ಲಿ ಬರುವ ಮಾತುಗಳನ್ನು ಕೇಳಬೇಕು. "ನಿನ್ನ ಡ್ರೆಸ್ ಟೈಟ್ ಆದ್ರೆ ಡ್ರೆಸ್ ಚಿಕ್ಕದಾಗಿದೆ ಅಂತ ಅರ್ಥ, ನೀನು ತಪ್ಪು ಮಾಡಿದ್ದೀಯ ಅಂತಲ್ಲ" ಅಂತ ಒಬ್ಬಳು ಬರೆದಿದ್ದಳು. ತಾನೇ ಬರೆದದ್ದನ್ನು ಜೋರಾಗಿ ಓದುವಾಗ ಅವಳ ದನಿ ಬೇರೆಯೇ ಆಗಿತ್ತು.

ಇನ್ನೊಂದು ಅಭ್ಯಾಸ, ದೇಹ ಹೇಗೆ ಕಾಣುತ್ತದೆ ಅನ್ನುವುದನ್ನು ಬಿಟ್ಟು ಏನು ಮಾಡುತ್ತದೆ ಅಂತ ಬರೆಯುವುದು. ಜೆಸಿಕಾ ಅಲೀವಾ ಅವರ ಸಂಶೋಧನೆಗಳಲ್ಲಿ ಇಂಥ ಬರವಣಿಗೆಯಿಂದ ದೇಹದ ಬಗೆಗಿನ ಬೇಸರ ತಗ್ಗಿದ್ದು ಕಂಡಿದೆ. ಶುರುವಲ್ಲಿ ಓಡುತ್ತೆ, ನಡೆಯುತ್ತೆ ಅಂತ ಸುಮ್ನೆ ಬರೆಯುತ್ತಾರೆ. ಇನ್ನೂ ಬರಿ ಅಂದರೆ ನಿಜವಾದದ್ದು ಬರುತ್ತದೆ: ಅಜ್ಜಿ ಎದ್ದೇಳುವಾಗ ನನ್ನ ತೋಳು ಹಿಡ್ಕೋತಾರೆ, ಜ್ವರ ಬಂದು ತಾನೇ ಬಿಟ್ಟೋಯ್ತು, ನಕ್ಕರೆ ಹೊಟ್ಟೆ ನೋಯುತ್ತೆ. ಮೈಯಲ್ಲಿ ಏನಾದರೂ ಊನ ಇರುವ ಮಗು ಗುಂಪಿನಲ್ಲಿದ್ದರೆ ಓಟ, ಜಿಗಿತದ ಉದಾಹರಣೆಗಳನ್ನು ನಾನು ಕೊಡುವುದಿಲ್ಲ. ಉಸಿರಾಟ, ರುಚಿ, ಅಪ್ಪುಗೆಯಿಂದ ಶುರು ಮಾಡುತ್ತೇನೆ.

ಫೋನಿನ ವಿಷಯ ಬಂದಾಗ ಫಿಜಿ ದ್ವೀಪದ ಸಂಗತಿ ಹೇಳುತ್ತೇನೆ. ಅಲ್ಲಿನ ನಡ್ರೋಗಾ ಪ್ರಾಂತ್ಯಕ್ಕೆ ಟಿವಿ ಬಂದದ್ದು 1995ರಲ್ಲಿ. ತುಂಬಿದ ಮೈಯೇ ಚೆಂದ ಅನ್ನುವ ಊರುಗಳವು. ಆನ್ ಬೆಕರ್ ಮತ್ತು ಜೊತೆಗಾರರು ಆ ವರ್ಷ ಒಮ್ಮೆ, 1998ರಲ್ಲಿ ಇನ್ನೊಮ್ಮೆ ಶಾಲಾ ಹುಡುಗಿಯರನ್ನು ಪ್ರಶ್ನಿಸಿದರು. ಊಟದ ಬಗ್ಗೆ ಚಿಂತೆಗೀಡು ಮಾಡುವಂಥ ಉತ್ತರ ಕೊಟ್ಟವರು ನೂರಕ್ಕೆ 12.7ರಿಂದ 29.2ಕ್ಕೆ ಏರಿದ್ದರು. ಆಗ ಟಿವಿ ಒಂದೇ ಇತ್ತು. ಈಗ ಕೈಯಲ್ಲಿರುವುದು ಗೆಳತಿಯರದ್ದೇ ಮುಖ, ಫಿಲ್ಟರ್ ಹಾಕಿದ್ದು. ನಟಿಯರಿಗಿಂತ ಪಕ್ಕದ ಬೆಂಚಿನ ಹುಡುಗಿಯ ಫೋಟೋ ಜಾಸ್ತಿ ನೋಯಿಸುತ್ತದೆ ಅಂತ ಅವರೇ ಹೇಳುತ್ತಾರೆ. ಫೋನ್ ಕಿತ್ತುಕೊಳ್ಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಯಾವ ಖಾತೆ ನೋಡಿದ ಮೇಲೆ ನೋಟ್‌ಬುಕ್ಕಿನ ಅಂಕೆ ಬಿತ್ತು ಅಂತ ಹುಡುಕಿಸುತ್ತೇನೆ. ಅದನ್ನು ಮ್ಯೂಟ್ ಮಾಡುವುದು ಅವರ ಕೈಯಲ್ಲೇ ಇರುತ್ತದೆ.

ಕೆಲವು ತಿಂಗಳ ಮೇಲೆ ಎರಡೂ ಹಾಳೆ ಮತ್ತೆ ಕೊಡುತ್ತೇನೆ. ಮೂಗು, ತೊಡೆ ಎಷ್ಟು ಇಷ್ಟ ಅನ್ನುವ ಕಾಲಂ ಅಷ್ಟೇನೂ ಬದಲಾಗಿರುವುದಿಲ್ಲ. ಎಷ್ಟು ಸಲ ಯೋಚನೆ ಬರುತ್ತದೆ ಅನ್ನುವ ಕಾಲಂ ಇಳಿದಿರುತ್ತದೆ, ಹತ್ತು ವಾಕ್ಯದ ಹಾಳೆಯ ಅಂಕೆ ಸ್ವಲ್ಪ ಮೇಲೆ ಬಂದಿರುತ್ತದೆ. ನನಗೆ ಇಷ್ಟು ಸಾಕು. ಮೂಗು ಇಷ್ಟವಾಗಲೇಬೇಕು ಅಂತೇನಿಲ್ಲ.

ಇದನ್ನೆಲ್ಲ ಮಾಡುತ್ತಾ ಕಣ್ಣಿಟ್ಟಿರಬೇಕಾದ ಕೆಲವು ಗುರುತುಗಳಿವೆ. ಊಟ ಬಿಡುವುದು, ಬೇರೆಯವರ ಎದುರು ತಿನ್ನದೇ ಇರುವುದು, ತಿಂದ ತಕ್ಷಣ ಬಾತ್‌ರೂಮಿಗೆ ಹೋಗುವುದು, ಶುರುವಾಗಿದ್ದ ಮುಟ್ಟು ನಿಲ್ಲುವುದು, ತಲೆಸುತ್ತಿ ಬೀಳುವುದು, ಸುಸ್ತಾದರೂ ಬಿಡದೆ ವ್ಯಾಯಾಮ ಮಾಡುವುದು, ಬೇರೆಯವರಿಗೆ ಕಾಣದ ಒಂದು ಕೊರತೆಯ ಬಗ್ಗೆ ಗಂಟೆಗಟ್ಟಲೆ ಕನ್ನಡಿ ನೋಡುವುದು, ಕೈಮೇಲೆ ಗಾಯದ ಗೆರೆಗಳು, ಸಾಯುವ ಮಾತು. ಇವುಗಳಲ್ಲಿ ಒಂದು ಕಂಡರೂ ನನ್ನ ಹಾಳೆ, ನೋಟ್‌ಬುಕ್ ಎಲ್ಲ ಬದಿಗಿಟ್ಟು, ಹುಡುಗಿಗೆ ಮೊದಲು ಹೇಳಿ, ಅದೇ ದಿನ ಮನೆಯವರನ್ನು ಕರೆಸಿ ಡಾಕ್ಟರ ಹತ್ತಿರ ಕಳಿಸುತ್ತೇನೆ. ತೂಕ ಸರಿಯಾಗಿಯೇ ಇದೆಯಲ್ಲ ಅಂತ ಮನೆಯವರು ಹೇಳಿದರೂ ಕಾಯುವುದಿಲ್ಲ. ಊಟಕ್ಕೆ ಸಂಬಂಧಿಸಿದ ಕಾಯಿಲೆ ಇರುವ ಎಷ್ಟೋ ಹುಡುಗಿಯರ ತೂಕ ನೋಡೋಕೆ ಸರಿಯಾಗಿಯೇ ಇರುತ್ತದೆ.